ಅಪ್ಪನ ಕ್ರಯಪತ್ರ, ನಮ್ಮ ಗ್ರೀನ್‌ಕಾರ್ಡ್

2022ರ ಬೇಸಿಗೆಯಲ್ಲಿ, ಅಮೆರಿಕದಲ್ಲಿ ಗ್ರೀನ್‌ಕಾರ್ಡಿಗೆ, ಅಂದರೆ ಇಲ್ಲಿ ಕಾಯಂ ನೆಲೆಸುವ ಅನುಮತಿಗೆ, ಕಾಯುತ್ತಿದ್ದ ನಾನೂ ಹೆಂಡತಿಯೂ ಒಂದು ತಪ್ಪು ಲೆಕ್ಕ ಹಾಕಿದೆವು. ಉನ್ನತ ಪದವಿಯ ಉದ್ಯೋಗಿಗಳ ಇಬಿ-2 ವರ್ಗದಲ್ಲಿ ಭಾರತದವರ ಸರತಿ ಆ ವರ್ಷ ದಡದಡನೆ ಮುಂದೆ ಬಂದು 2014ರ ಡಿಸೆಂಬರ್ 1ಕ್ಕೆ ಮುಟ್ಟಿತ್ತು. ನನ್ನ ಪ್ರಯಾರಿಟಿ ಡೇಟ್, ಅಂದರೆ ಸರತಿಯಲ್ಲಿ ನನ್ನ ಜಾಗ ಗೊತ್ತಾದ ದಿನ, 2016ರ ಮೇ. ಇನ್ನೊಂದು ವರ್ಷ, ಹೆಚ್ಚೆಂದರೆ ಎರಡು ವರ್ಷ ಎಂದುಕೊಂಡೆವು. ಸರತಿಯ ದಿನಾಂಕ ತಿಳಿಸುವ ಸರ್ಕಾರಿ ಪ್ರಕಟಣೆ, ವೀಸಾ ಬುಲೆಟಿನ್, ಅಕ್ಟೋಬರ್ ತಿಂಗಳಿಗೆ ಬಂದಾಗ ಅದೇ ದಿನಾಂಕ 2012ರ ಏಪ್ರಿಲ್ 1ಕ್ಕೆ ಹಿಂದೆ ಸರಿದಿತ್ತು. ಹೆಂಡತಿ ಅಡುಗೆಮನೆಯ ಗೋಡೆಗೆ ಅಂಟಿಸಿದ್ದ ಚೀಟಿಯನ್ನು ಕಿತ್ತು ಡ್ರಾಯರಿನಲ್ಲಿಟ್ಟಳು. ಅದರಲ್ಲಿ ಪ್ರತಿ ತಿಂಗಳ ದಿನಾಂಕ ಬರೆದುಕೊಂಡು ಬರುತ್ತಿದ್ದಳು.

ನನ್ನ ಕೆಲಸಕ್ಕೆ ಅದರಿಂದ ತಕ್ಷಣದ ತೊಂದರೆ ಇರಲಿಲ್ಲ. ಎಚ್-1ಬಿ ಎಂಬ ಕೆಲಸದ ವೀಸಾ ಸಾಮಾನ್ಯವಾಗಿ ಆರು ವರ್ಷಕ್ಕೆ ಮುಗಿಯುತ್ತದೆ, ಆದರೆ ಐ-140, ಅಂದರೆ ಗ್ರೀನ್‌ಕಾರ್ಡಿಗೆ ಕಂಪನಿ ಹಾಕುವ ಅರ್ಜಿ, ಮಂಜೂರಾಗಿ ಸರತಿಯಲ್ಲಿ ಕಾಯುತ್ತಿರುವವರಿಗೆ ಮೂರು ಮೂರು ವರ್ಷ ವಿಸ್ತರಣೆ ಸಿಗುತ್ತದೆ. ನಮ್ಮ ಚಿಂತೆ ಮಗಳದ್ದು. 2009ರಲ್ಲಿ ಮೈಸೂರಿನಲ್ಲಿ ಹುಟ್ಟಿದವಳು, ಮೂರನೇ ವಯಸ್ಸಿಗೆ ಇಲ್ಲಿಗೆ ಬಂದವಳು. 21 ತುಂಬಿದ ದಿನ ಎಚ್-4, ಅಂದರೆ ನನ್ನ ವೀಸಾ ಆಧರಿಸಿದ ಅವಳ ವೀಸಾ, ಮುಗಿಯುತ್ತದೆ. ವರ್ಷಕ್ಕೆ ಸುಮಾರು 1,40,000 ಉದ್ಯೋಗಾಧಾರಿತ ಗ್ರೀನ್‌ಕಾರ್ಡ್, ಒಂದೊಂದು ದೇಶಕ್ಕೆ ಶೇ. 7ರ ಮಿತಿ. ಈ ಲೆಕ್ಕದಲ್ಲಿ 2030ರೊಳಗೆ ನಮ್ಮ ಸರದಿ ಬರುತ್ತದೆ ಎಂದು ಯಾರೂ ಎದೆ ತಟ್ಟಿ ಹೇಳುವಂತಿರಲಿಲ್ಲ. ಅವಳು ಬೆಳೆದ ಊರಿನಲ್ಲೇ ಅವಳನ್ನು ವಿದೇಶಿ ವಿದ್ಯಾರ್ಥಿಯಾಗಿ ಸೇರಿಸಬೇಕಾಗುತ್ತದಲ್ಲ ಎಂಬ ಸಂಕಟಕ್ಕೇ ನಾವು ಹೂಡಿಕೆ ಮಾಡಿದವರಿಗೆ ಗ್ರೀನ್‌ಕಾರ್ಡ್ ಕೊಡುವ ಇಬಿ-5 ಕಡೆ ನೋಡಿದ್ದು.

ಅದಕ್ಕೆ ಮೊದಲು 2019ರ ಒಂದು ಪೆಟ್ಟಿನ ಬಗ್ಗೆ ಹೇಳಬೇಕು, ಕಾಗದ ನೋಡುವ ಅಭ್ಯಾಸ ನನಗೆ ಬಂದಿದ್ದೇ ಅಲ್ಲಿಂದ. ಅಮ್ಮನ ಕಣ್ಣಿನ ಆಪರೇಷನ್ ಮುಗಿಸಿ ವಾಪಸು ಬಂದಿದ್ದೆ. ಎಚ್-1ಬಿ 2021ರವರೆಗೆ ಇತ್ತು, ಪಾಸ್‌ಪೋರ್ಟಿನಲ್ಲಿ ವೀಸಾ ಕೂಡ 2021ರವರೆಗೆ. ಆದರೆ ಪಾಸ್‌ಪೋರ್ಟ್ ಎಂಟು ತಿಂಗಳಲ್ಲಿ ಮುಗಿಯುವುದಿತ್ತು. ವಿಮಾನ ನಿಲ್ದಾಣದ ಅಧಿಕಾರಿ, ದೇಶದೊಳಗೆ ಬಂದಾಗ ಕೊಡುವ ಐ-94 ದಾಖಲೆಯಲ್ಲಿ, ಪಾಸ್‌ಪೋರ್ಟ್ ಮುಗಿಯುವ ದಿನವನ್ನೇ ಕೊಟ್ಟಿದ್ದರು. ನಾನು ನೋಡಲೇ ಇಲ್ಲ. ಪಾಸ್‌ಪೋರ್ಟ್ ನವೀಕರಿಸಿ ನೆಮ್ಮದಿಯಿಂದಿದ್ದೆ. ಮನೆ ಸಾಲದ ಬಡ್ಡಿ ಇಳಿಸಿಕೊಳ್ಳಲು ಬ್ಯಾಂಕಿನವರು ಐ-94 ಕೇಳಿದಾಗ ತೆಗೆದು ನೋಡುತ್ತೇನೆ, ಮೂರೇ ವಾರ ಉಳಿದಿದೆ. ಈ ದೇಶದಲ್ಲಿ ಎಲ್ಲಿಯವರೆಗೆ ಇರಬಹುದು ಎಂದು ಹೇಳುವುದು ಐ-94. ವೀಸಾ ಚೀಟಿ ಬಾಗಿಲು ತಟ್ಟಲು ಮಾತ್ರ. ಕಂಪನಿಯ ವಕೀಲರು ತರಾತುರಿಯಲ್ಲಿ ಹೆಚ್ಚು ಶುಲ್ಕ ಕಟ್ಟಿ ಬೇಗ ತೀರ್ಮಾನ ಪಡೆಯುವ ಪ್ರೀಮಿಯಂನಲ್ಲಿ ವಿಸ್ತರಣೆಯ ಅರ್ಜಿ ಹಾಕಿ ಉಳಿಸಿದರು. ಅವತ್ತಿನಿಂದ ಇಮಿಗ್ರೇಷನ್ ಕೌಂಟರ್ ದಾಟಿ ಲಗೇಜ್ ಬರುವುದರೊಳಗೆ ಮೂವರ ಐ-94 ಡೌನ್‌ಲೋಡ್ ಮಾಡಿ ದಿನಾಂಕ ಓದುತ್ತೇನೆ. ಯಾರೇ ಊರಿಗೆ ಹೊರಟರೂ ಮೊದಲು ಪಾಸ್‌ಪೋರ್ಟ್ ನವೀಕರಿಸಿ ಎನ್ನುತ್ತೇನೆ.

ಇಬಿ-5 ನಿಯಮ ನಾಲ್ಕೈದು ವರ್ಷಗಳಲ್ಲಿ ಎಷ್ಟು ಸಲ ತಿರುಗಿತು ಎಂದು ನೋಡಿದರೆ ನನ್ನ ಅವಸರ ಅರ್ಥವಾಗುತ್ತದೆ. 1990ರಿಂದ ಇರುವ ಈ ವೀಸಾಗೆ ಹಲವು ವರ್ಷ ಕನಿಷ್ಠ ಹೂಡಿಕೆ, ನಿರುದ್ಯೋಗ ಹೆಚ್ಚಿರುವ ಅಥವಾ ಗ್ರಾಮೀಣ ಪ್ರದೇಶದಲ್ಲಾದರೆ, 5 ಲಕ್ಷ ಡಾಲರ್ ಇತ್ತು. 2019ರ ನವೆಂಬರಿನಲ್ಲಿ 9 ಲಕ್ಷಕ್ಕೆ ಏರಿಸಿದರು. 2021ರ ಜೂನಿನಲ್ಲಿ ನ್ಯಾಯಾಲಯ ಆ ನಿಯಮ ರದ್ದು ಮಾಡಿ 5 ಲಕ್ಷಕ್ಕೆ ಮರಳಿಸಿತು. ಎಂಟು ದಿನ ಕಳೆಯುವುದರೊಳಗೆ ಹಲವರ ಹೂಡಿಕೆ ಒಟ್ಟುಗೂಡಿಸಿ ಪ್ರಾಜೆಕ್ಟುಗಳಲ್ಲಿ ತೊಡಗಿಸುವ ರೀಜನಲ್ ಸೆಂಟರ್ ಯೋಜನೆಯ ಅವಧಿಯೇ ಮುಗಿದು ಬಾಗಿಲು ಮುಚ್ಚಿತು. 2022ರ ಮಾರ್ಚ್ 15ರಂದು ಹೊಸ ಕಾನೂನು ಬಂತು: ಗ್ರಾಮೀಣ, ನಿರುದ್ಯೋಗ ಪ್ರದೇಶಗಳಿಗೆ 8 ಲಕ್ಷ, ಉಳಿದ ಕಡೆ 10.5 ಲಕ್ಷ. ವೀಸಾಗಳಲ್ಲಿ ಶೇ. 20 ಗ್ರಾಮೀಣ ಪ್ರಾಜೆಕ್ಟುಗಳಿಗೆ ಮೀಸಲು. ನಮ್ಮಂಥವರಿಗೆ ಮುಖ್ಯವಾದದ್ದು ಇನ್ನೊಂದು: ವೀಸಾ ಲಭ್ಯವಿದ್ದರೆ, ಈಗಾಗಲೇ ಅಮೆರಿಕದಲ್ಲಿರುವವರು ಹೂಡಿಕೆಯ ಅರ್ಜಿಯಾದ ಐ-526ಇ ಜೊತೆಗೇ ಗ್ರೀನ್‌ಕಾರ್ಡಿನ ಕೊನೆಯ ಅರ್ಜಿಯಾದ ಐ-485 ಕೂಡ ಹಾಕಬಹುದು. ಗ್ರಾಮೀಣ ಮೀಸಲು ವರ್ಗದಲ್ಲಿ ಭಾರತದವರಿಗೆ ಆಗ ಸರತಿಯೇ ಇರಲಿಲ್ಲ.

2023ರ ಜೂನಿನಲ್ಲಿ ತೀರ್ಮಾನ ಮಾಡಿದೆವು. ಕೂಡಿಸಬೇಕಾದದ್ದು 8 ಲಕ್ಷ ಡಾಲರ್, ಮೇಲೆ ಪ್ರಾಜೆಕ್ಟಿನವರ ಆಡಳಿತ ಶುಲ್ಕ, ವಕೀಲರ ಶುಲ್ಕ. ಹದಿನೈದು ದಿನ ರಾತ್ರಿ ಹೊತ್ತು ಕೂತು ಲೆಕ್ಕ ಹಾಕಿದೆವು. ಕಂಪನಿಯ ಷೇರು ಮಾರಿ 3.8 ಲಕ್ಷ. ಇಲ್ಲಿ ರಾಲಿ ಊರಿನಲ್ಲಿರುವ ನಮ್ಮ ಮನೆಯ ಮೇಲೆ ಸಾಲ 2.2 ಲಕ್ಷ. ಉಳಿದದ್ದು ಮೈಸೂರಿನ ಕುವೆಂಪುನಗರದ 60×40 ಸೈಟು. ಅಪ್ಪ ನನಗೆ ದಾನಪತ್ರ ಮಾಡಿಕೊಟ್ಟಿದ್ದರು. ಮಾರುತ್ತೇನೆ ಎಂದಾಗ ಅವರು ಒಂದೇ ಮಾತು ಕೇಳಿದರು, "ಮಗುಗೆ ಅನುಕೂಲ ಆಗುತ್ತಾ?"

ಸೈಟು ಮಾರಿದ ಹಣ ತರುವಾಗ ಬಹಳ ಜನ ಎರಡು ನಿಯಮಗಳನ್ನು ಕಲಸುತ್ತಾರೆ. ವರ್ಷಕ್ಕೆ 2.5 ಲಕ್ಷ ಡಾಲರ್ ಎಂಬ ಮಿತಿ ಭಾರತದಲ್ಲಿ ವಾಸಿಸುವವರಿಗೆ. ನಾನು ಅನಿವಾಸಿ. ಮಾರಿದ ಹಣ ನನ್ನ ಎನ್‌ಆರ್‌ಒ ಖಾತೆಗೆ (ಅನಿವಾಸಿಗಳು ಭಾರತದ ಆದಾಯ ಇಡುವ ಖಾತೆ) ಬರಬೇಕು, ಅಲ್ಲಿಂದ ತೆರಿಗೆ ಕಟ್ಟಿ, ಆಗಿನ ನಿಯಮದಂತೆ ಚಾರ್ಟರ್ಡ್ ಅಕೌಂಟೆಂಟರ ಪ್ರಮಾಣಪತ್ರ 15ಸಿಬಿ ಮತ್ತು ನನ್ನ ಘೋಷಣೆ 15ಸಿಎ ಕೊಟ್ಟು ಹಣಕಾಸು ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದಿತ್ತು. ಇನ್ನೊಂದು ಎಡವಟ್ಟು ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಹಿಡಿದುಕೊಳ್ಳುವ ತೆರಿಗೆ. ಕೊಳ್ಳುವವರು ಒಳ್ಳೆಯ ಮನುಷ್ಯರು, ಊರಿನಲ್ಲಿ ಎಲ್ಲರಿಗೂ ಮಾಡುವಂತೆ ಶೇ. 1 ಹಿಡಿದು ಉಳಿದದ್ದು ಕೊಡುತ್ತೇನೆಂದರು. ಮಾರುವವನು ಅನಿವಾಸಿಯಾದರೆ ಆ ಲೆಕ್ಕ ಬೇರೆ, ಆಗ ಕೊಳ್ಳುವವರು ತೆರಿಗೆ ಹಿಡಿಯುವವರ ಸಂಖ್ಯೆಯಾದ ಟ್ಯಾನ್ ಪಡೆದು ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 195ರ ಪ್ರಕಾರ ಹಿಡಿಯಬೇಕಿತ್ತು. ಕಡಿಮೆ ದರದ ಪ್ರಮಾಣಪತ್ರ ಇಲ್ಲದಿದ್ದರೆ ಪೂರ್ತಿ ಬೆಲೆಯ ಮೇಲೇ ಹಿಡಿಯುವುದು ವಾಡಿಕೆ. ಹಾಗಾದರೆ ರೀಫಂಡ್ ಬರುವವರೆಗೆ ಆ ಹಣ ಸರ್ಕಾರದ ಹತ್ತಿರ, ನನ್ನ ಅರ್ಜಿ ಇಲ್ಲಿ ನಿಂತು ಹೋಗುತ್ತದೆ. ಫಾರ್ಮ್ 13 ಹಾಕಿ ಪ್ರಮಾಣಪತ್ರ ತರಿಸಿಕೊಳ್ಳಲು ಎರಡು ತಿಂಗಳು ಹಿಡಿಯಿತು. ಕೊಂಡವರು ಅಷ್ಟು ದಿನ ತಾಳ್ಮೆಯಿಂದ ಕಾದರು, ಅವರ ಉಪಕಾರ ಮರೆಯುವಂಥದ್ದಲ್ಲ.

ನಿಜವಾದ ಕಷ್ಟ ಹಣದ ಮೂಲ ತೋರಿಸುವುದರಲ್ಲಿತ್ತು. ಏಳು ವರ್ಷದ ಟ್ಯಾಕ್ಸ್ ರಿಟರ್ನ್, ಷೇರು ಬಂದ ದಿನ, ಮಾರಿದ ದಿನ, ಸಾಲದ ಒಪ್ಪಂದ, ಪ್ರತಿ ವರ್ಗಾವಣೆಯ ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಸಿಕ್ಕವು. ಸೈಟಿನ ಮೂಲಕ್ಕೆ ಹೋದರೆ 1989ರ ಕ್ರಯಪತ್ರ. ಛಾಪಾಕಾಗದದ ಮೇಲೆ ಪತ್ರಬರಹಗಾರರ ಕೈಬರಹ. ಅಮ್ಮ ವಿಡಿಯೊ ಕಾಲ್‌ನಲ್ಲಿ ಒಂದೊಂದು ಸಾಲು ಓದಿದರು: "ಸದರಿ ಸ್ವತ್ತಿನ ಚಕ್ಕುಬಂದಿ, ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ..." ಮೊಬಲಗು 42,000 ರೂಪಾಯಿ. ಅನುವಾದವನ್ನು ಸರ್ಕಾರಿ ಅನುವಾದಕರೇ ಮಾಡಬೇಕೆಂದಿಲ್ಲ. ಎರಡೂ ಭಾಷೆ ಬಲ್ಲವರು ಪೂರ್ತಿಯಾಗಿ, ಸರಿಯಾಗಿ ಅನುವಾದಿಸಿದ್ದೇನೆಂದು ಸಹಿ ಹಾಕಿದರೆ ಸಾಕು. ಆದರೆ ಹೆಸರುಗಳ ವಿಷಯದಲ್ಲಿ ನಾವು ಕನ್ನಡಿಗರು ಸಿಕ್ಕಿಬೀಳುತ್ತೇವೆ. ಕ್ರಯಪತ್ರದಲ್ಲಿ ಅಪ್ಪನ ಹೆಸರಿಗೆ ಮೊದಲು ಎರಡು ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಅದೇ ಇನಿಷಿಯಲ್ ಬಿಡಿಸಿ ಊರಿನ ಹೆಸರು, ತಾತನ ಹೆಸರು. ಆಧಾರ್‌ನಲ್ಲಿ ಇನಿಷಿಯಲ್ ಕೊನೆಗೆ. ನನ್ನ ಸರ್‌ನೇಮ್ ಅಪ್ಪನ ಹೆಸರು. ಇಲ್ಲಿ ಕೂತು ಓದುವ ಅಧಿಕಾರಿಗೆ ಅವರೆಲ್ಲ ನಾಲ್ಕು ಬೇರೆ ಮನುಷ್ಯರು. ಒಬ್ಬರೇ ವ್ಯಕ್ತಿ ಎಂದು ನೋಟರಿ ಮುಂದೆ ಅಪ್ಪನಿಂದ ಪ್ರಮಾಣಪತ್ರ ಮಾಡಿಸಿ, ಪ್ರತಿ ದಾಖಲೆಯ ಹೆಸರು ಅದರಲ್ಲಿ ಪಟ್ಟಿ ಮಾಡಿದೆವು.

ಪ್ರಾಜೆಕ್ಟ್ ಆರಿಸಲು ನಾಲ್ಕು ತಿಂಗಳು ತೆಗೆದುಕೊಂಡೆ. ಒಬ್ಬ ಏಜೆಂಟರು ಐದು ವರ್ಷಕ್ಕೆ ಹಣ ವಾಪಸು ಗ್ಯಾರಂಟಿ ಎಂದರು. ಕಾನೂನಿನ ಪ್ರಕಾರ ಹೂಡಿಕೆ ನಷ್ಟಕ್ಕೆ ಒಡ್ಡಿಕೊಂಡಿರಲೇಬೇಕು, ಗ್ಯಾರಂಟಿ ಕೊಟ್ಟ ಹಣ ಹೂಡಿಕೆಯೆಂದು ಲೆಕ್ಕಕ್ಕೇ ಬರುವುದಿಲ್ಲ. ನಿಮಗೆ ಎಷ್ಟು ಕಮಿಷನ್ ಎಂದು ಕೇಳಿದೆ, ಮಾತು ಬದಲಿಸಿದರು. ಅದನ್ನು ಹೂಡಿಕೆದಾರರಿಗೆ ತಿಳಿಸಬೇಕೆಂದು ಹೊಸ ಕಾನೂನಿನಲ್ಲೇ ಇದೆ. ಅವರನ್ನು ಬಿಟ್ಟೆ. ಆಮೇಲೆ ನೋಡಿದವರಲ್ಲಿ ನಾನು ಕೇಳಿದ್ದು ಮೂರು ಸಂಗತಿ. ಪ್ರಾಜೆಕ್ಟ್ ಮುಳುಗಿದರೆ ನಮಗಿಂತ ಮೊದಲು ಹಣ ಪಡೆಯುವವರು ಯಾರು, ಎಷ್ಟು? ಒಬ್ಬ ಹೂಡಿಕೆದಾರನಿಗೆ 10 ಉದ್ಯೋಗ ಬೇಕು, ನಿಮ್ಮ ಲೆಕ್ಕದಲ್ಲಿ ಎಷ್ಟು ಹೆಚ್ಚುವರಿ ಇದೆ? ಕಟ್ಟಡದ ಕೆಲಸ ಈಗ ಎಲ್ಲಿಗೆ ಬಂದಿದೆ? ಮೂರನೆಯದಕ್ಕೆ ಉತ್ತರ ಕೇಳಿ ಸುಮ್ಮನಾಗದೆ ಆರು ಗಂಟೆ ಕಾರು ಓಡಿಸಿ ಹೋಗಿ ನೋಡಿ ಬಂದೆ. ಅಡಿಪಾಯ ಎದ್ದಿತ್ತು, ಕ್ರೇನ್ ಓಡಾಡುತ್ತಿತ್ತು. ಮಗಳ ಓದಿಗೆ, ನಮ್ಮ ವೃದ್ಧಾಪ್ಯಕ್ಕೆ ಇಟ್ಟಿದ್ದ ಹಣ ಇದು. ಕೈಪಿಡಿಯ ಬಣ್ಣದ ಚಿತ್ರ ನೋಡಿ ಕೊಡುವಂಥದ್ದಲ್ಲ.

ಅಷ್ಟರಲ್ಲಿ ಅರ್ಜಿ ಶುಲ್ಕ ಏರುವ ಸುದ್ದಿ ಬಂತು. ಐ-526ಇ ಶುಲ್ಕ 3,675 ಡಾಲರಿನಿಂದ 11,160ಕ್ಕೆ, 2024ರ ಏಪ್ರಿಲ್ 1ರಿಂದ. 8 ಲಕ್ಷದ ಮುಂದೆ ಅದು ಸಣ್ಣದು, ಆದರೂ ಆ ದಿನಾಂಕ ನಮಗೆ ಗಡುವಾಯಿತು. ಫೆಬ್ರವರಿಯಲ್ಲಿ ಐ-526ಇ, ಮೂವರ ಐ-485, ಕೆಲಸದ ಪರವಾನಗಿ, ಅರ್ಜಿ ಬಾಕಿಯಿರುವಾಗ ಹೊರದೇಶಕ್ಕೆ ಹೋಗಿ ಬರಲು ಬೇಕಾದ ಅಡ್ವಾನ್ಸ್ ಪೆರೋಲ್ ಎಲ್ಲ ಒಟ್ಟಿಗೆ ಕಳಿಸಿದೆವು. ಜುಲೈಗೆ ಕೆಲಸದ ಕಾರ್ಡ್ ಬಂತು. ನಾನು ಎಚ್-1ಬಿ ಬಿಡಲಿಲ್ಲ. ಅರ್ಜಿ ತಿರಸ್ಕೃತವಾದರೆ ಕಾಲೂರಲು ನೆಲ ಇರಲಿ ಎಂದು ಅದೇ ಕಂಪನಿಯಲ್ಲಿ ಅದರ ಮೇಲೇ ಮುಂದುವರಿದೆ, ಇಬಿ-2 ಸರತಿಯನ್ನೂ ಕೈಬಿಡಲಿಲ್ಲ.

2025ರ ಜನವರಿಯಲ್ಲಿ ಹೆಚ್ಚಿನ ಪುರಾವೆ ಕೇಳಿ ಪತ್ರ ಬಂತು. ಉತ್ತರಕ್ಕೆ 84 ದಿನ. ಕೇಳಿದ್ದು ನನ್ನ ಷೇರಿನ ಬಗ್ಗೆಯಲ್ಲ, ಮನೆ ಸಾಲದ ಬಗ್ಗೆಯೂ ಅಲ್ಲ. 1989ರಲ್ಲಿ ಅಪ್ಪ 42,000 ರೂಪಾಯಿ ಎಲ್ಲಿಂದ ತಂದರು? ಅಪ್ಪ ಹೈಸ್ಕೂಲು ಮೇಷ್ಟ್ರು. ಆ ಕಾಲದ ಪಾಸ್‌ಬುಕ್ ಎಲ್ಲಿಂದ ತರುವುದು? ಅಮ್ಮ ಅಟ್ಟದ ಮೇಲಿನ ಟ್ರಂಕು ಇಳಿಸಿದರು. ಒಳಗೆ ಅಪ್ಪನ ಸೇವಾ ಪುಸ್ತಕದ ನಕಲು, ಭವಿಷ್ಯನಿಧಿಯಿಂದ ಮುಂಗಡ ಪಡೆದ ಆದೇಶ, ಅಮ್ಮನ ಬಳೆ ಅಡವಿಟ್ಟ ರಸೀದಿ. ಆ ರಸೀದಿಯ ವಿಷಯ ನನಗೆ ಅವತ್ತಿನವರೆಗೆ ಗೊತ್ತೇ ಇರಲಿಲ್ಲ. ಮೂರನ್ನೂ ಅನುವಾದಿಸಿ, ಅಪ್ಪ ಅಮ್ಮನ ಹೇಳಿಕೆ ಸೇರಿಸಿ ಕಳಿಸಿದೆವು. ಮೇ ತಿಂಗಳಲ್ಲಿ ಐ-526ಇ ಮಂಜೂರಾಯಿತು.

ಆ ಸೆಪ್ಟೆಂಬರಿನಲ್ಲಿ ದಸರೆಗೆಂದು ಮೈಸೂರಿನಲ್ಲಿದ್ದೆ. 20ನೇ ತಾರೀಖು ಶನಿವಾರ ನಸುಕಿಗೇ ಫೋನು. ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಎಂಬ ಅಮೆರಿಕ ಅಧ್ಯಕ್ಷರ ಘೋಷಣೆಗೆ ಸಹಿಯಾಗಿತ್ತು. ಭಾರತದ ಸಮಯ ಭಾನುವಾರ ಬೆಳಗ್ಗೆ 9:31ಕ್ಕೆ ಜಾರಿ. ಹೊರಗಿರುವವರು ಅದರೊಳಗೆ ವಾಪಸು ಬರಬೇಕೋ ಬೇಡವೋ ಎಂದು ಆ ಗಳಿಗೆಯಲ್ಲಿ ಯಾರಿಗೂ ಸ್ಪಷ್ಟವಿರಲಿಲ್ಲ. ಬೆಂಗಳೂರಿನಲ್ಲಿದ್ದ ಸಹೋದ್ಯೋಗಿಯೊಬ್ಬ ಅಕ್ಕನ ಮನೆಯ ಗೃಹಪ್ರವೇಶ ಬಿಟ್ಟು ಸಿಕ್ಕ ಬೆಲೆಗೆ ಟಿಕೆಟ್ ಕೊಂಡು ಹೊರಟ. ಅವನು ವಿಮಾನದಲ್ಲಿದ್ದಾಗಲೇ ಸ್ಪಷ್ಟನೆ ಬಂತು: ಹೊಸ ಅರ್ಜಿಗಳಿಗೆ ಮಾತ್ರ, ಈಗಾಗಲೇ ವೀಸಾ ಇರುವವರಿಗಲ್ಲ. ನನ್ನ ಚೀಲದಲ್ಲಿ ಅಡ್ವಾನ್ಸ್ ಪೆರೋಲ್ ಇದ್ದುದರಿಂದ ಟಿಕೆಟ್ ಬದಲಿಸಲಿಲ್ಲ. ಆದರೂ ಆ ಶನಿವಾರ ಅಮ್ಮ ಬಡಿಸಿದ್ದು ಗಂಟಲಲ್ಲಿ ಇಳಿಯಲಿಲ್ಲ.

ನವೆಂಬರಿನಲ್ಲಿ ಮೂವರಿಗೂ ಎರಡು ವರ್ಷದ ಷರತ್ತಿನ ಗ್ರೀನ್‌ಕಾರ್ಡ್ ಬಂತು. ಮಗಳಿಗೆ 16. ಹೂಡಿಕೆಯ ದಾರಿ ಹಿಡಿಯುವವರು ಮೂರು ದಿನಾಂಕ ಬರೆದಿಟ್ಟುಕೊಳ್ಳಿ. ರೀಜನಲ್ ಸೆಂಟರ್ ಯೋಜನೆಗೆ ಸದ್ಯ ಇರುವ ಅವಧಿ 2027ರ ಸೆಪ್ಟೆಂಬರ್ 30ರವರೆಗೆ. ಅದು ನಿಂತುಹೋದರೂ ಅರ್ಜಿ ಉಳಿಯುತ್ತದೆಂಬ ರಕ್ಷಣೆ 2026ರ ಸೆಪ್ಟೆಂಬರ್ 30ರೊಳಗೆ ಹಾಕಿದವರಿಗೆ. ಕನಿಷ್ಠ ಹೂಡಿಕೆ ಮೊತ್ತ 2027ರ ಜನವರಿ 1ರಂದು ಹಣದುಬ್ಬರಕ್ಕೆ ತಕ್ಕಂತೆ ಪರಿಷ್ಕರಣೆಯಾಗಬೇಕೆಂದು ಕಾನೂನಿನಲ್ಲೇ ಇದೆ. ಈ ಮೂರರ ಕಡೆಯಿಂದ ಹಿಂದಕ್ಕೆ ಲೆಕ್ಕ ಹಾಕಿಕೊಳ್ಳಿ. ಕಾಗದ ಕೂಡಿಸಲು ನಮಗೇ ಎಂಟು ತಿಂಗಳು ಹಿಡಿಯಿತು.

ನಮ್ಮ ಮುಂದಿನ ಕೆಲಸ ಷರತ್ತು ತೆಗೆಸುವ ಐ-829. ಕಾರ್ಡ್ ಮುಗಿಯುವ ಹಿಂದಿನ 90 ದಿನಗಳಲ್ಲಿ ಹಾಕಬೇಕು, ಅಂದರೆ 2027ರ ಆಗಸ್ಟಿನಿಂದ. ಪ್ರಾಜೆಕ್ಟಿನವರಿಂದ ಉದ್ಯೋಗದ ಲೆಕ್ಕ ಮೂರು ತಿಂಗಳಿಗೊಮ್ಮೆ ತರಿಸಿಕೊಳ್ಳುತ್ತಿದ್ದೇನೆ. ಅಡುಗೆಮನೆಯ ಗೋಡೆಯ ಮೇಲೆ ಹೆಂಡತಿ ಹೊಸ ಚೀಟಿ ಅಂಟಿಸಿದ್ದಾಳೆ. ಬಳೆ ಅಡವಿಟ್ಟ ರಸೀದಿಯ ಮೂಲಪ್ರತಿಯನ್ನು ಅಮ್ಮನಿಗೆ ವಾಪಸು ಕೊಟ್ಟು ಬಂದೆ, ಅವರು ಅದನ್ನು ಮತ್ತೆ ಟ್ರಂಕಿನಲ್ಲೇ ಇಟ್ಟರು.