ಹಳೆಯ ಮಣೆಗೆ ಉಪ್ಪುಕಾಗದ ಮುಟ್ಟಿಸಬೇಡಿ

ನನ್ನ ತಂಗಿಯ ಮಗಳು ಹೋದ ತಿಂಗಳು ಮಳವಳ್ಳಿ ಕಡೆಯ ಹಳ್ಳಿಯೊಂದರಿಂದ, ಗುಳಿಗಳಿಗೆ ಬೀಜ ಹಾಕಿ ಆಡುವ ಮರದ ಹಳೆಯ ಅಳಿಗುಳಿಮಣೆ ಕೊಂಡು ತಂದಳು. ಸಾಲಿಗೆ ಏಳರಂತೆ 14 ಗುಳಿ, ಎರಡೂ ತುದಿಗೆ ಗಿಳಿಯ ತಲೆ, ಒಂದು ಗುಳಿಯ ಅಂಚು ಮಾತ್ರ ಸುಟ್ಟು ಕಪ್ಪಾಗಿತ್ತು. “ದೊಡ್ಡಮ್ಮ, ಬಡಗಿಗೆ ಕೊಟ್ಟರೆ ಉಜ್ಜಿ ಹೊಸದರ ಹಾಗೆ ಮಾಡಿಕೊಡುತ್ತಾನಂತೆ” ಎಂದಳು. ಹೊಸದೇ ಬೇಕಿದ್ದರೆ ಅಷ್ಟು ದೂರ ಹೋಗಿ ಹಳೆಯದನ್ನು ಏಕೆ ತಂದೆ ಎಂದು ಗದರಿದೆ.

ಗದರುವ ಹಕ್ಕು ನನಗೆ ಸುಮ್ಮನೆ ಬಂದದ್ದಲ್ಲ. ಮದುವೆಯಾಗಿ ಮೈಸೂರಿಗೆ ಬಂದ ಹೊಸತರಲ್ಲಿ ಅತ್ತೆಯವರ ಹಲಸಿನ ಮರದ ಪೆಟ್ಟಿಗೆಗೆ ಉಪ್ಪುಕಾಗದ (ಸ್ಯಾಂಡ್‌ಪೇಪರ್) ಹಾಕಿಸಿ, ವಾರ್ನಿಷ್ ಹೊಡೆಸಿದ್ದೆ. ಥಳಥಳ ಹೊಳೆಯಿತು. ಊರಿನಿಂದ ಬಂದ ಅತ್ತೆ ಮುಚ್ಚಳದ ಒಳಬದಿಯನ್ನು ಬೆರಳಿನಿಂದ ತಡವುತ್ತ ನಿಂತುಬಿಟ್ಟರು. ಭತ್ತ ಅಳೆಯುವಾಗ ಕೊಳಗಕ್ಕೊಂದರಂತೆ ಅವರ ಅತ್ತೆ ಗೀರಿದ್ದ ಗೆರೆಗಳು ಅಲ್ಲಿದ್ದವು. 20 ಕೊಳಗ ತುಂಬಿ ಖಂಡುಗವಾದಾಗ ಒಂದು ಅಡ್ಡಗೆರೆ. ಎಲ್ಲವೂ ಪುಡಿಯಾಗಿ ಕಸದ ಬುಟ್ಟಿ ಸೇರಿದ್ದವು. ಅವರು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನನಗೆ ಹಗುರವಾಗುತ್ತಿತ್ತು.

ಹಾಗಾಗಿ ಹಳೆಯ ಮರದ ಸಾಮಾನು ಮನೆಗೆ ಬಂದರೆ ಮೊದಲು ಒಣ ಬ್ರಷ್ಷಿನಿಂದ ಕೆತ್ತನೆಯ ಸಂದುಗಳ ಧೂಳು ತೆಗೆಯಿರಿ. ಆಮೇಲೆ ಹತ್ತಿ ಬಟ್ಟೆಯನ್ನು ಒದ್ದೆ ಮಾಡಿ, ಹನಿ ಬೀಳದಂತೆ ಹಿಂಡಿ, ಯಾರಿಗೂ ಕಾಣದ ಮೂಲೆಯಲ್ಲಿ ಒರೆಸಿ ನೋಡಿ. ಬಣ್ಣ ಬಟ್ಟೆಗೆ ಹತ್ತಿದರೆ ಅಲ್ಲಿಗೇ ನಿಲ್ಲಿಸಿ. ಹಿತ್ತಾಳೆಯ ಗುಬ್ಬಿಮೊಳೆಗಳಿದ್ದರೆ ಹುಣಸೆಹಣ್ಣಿನ ಆಸೆ ಬೇಡ. ಹುಳಿ ಮರಕ್ಕಿಳಿದು ಕಲೆಯಾಗುತ್ತದೆ, ಒಣ ಬಟ್ಟೆಯೇ ಸಾಕು. ಎಣ್ಣೆಯ ವಿಷಯದಲ್ಲಂತೂ ಎಲ್ಲರೂ ಪಂಡಿತರು. ಕೊಬ್ಬರಿ ಎಣ್ಣೆ, ಹೊಂಗೆ ಎಣ್ಣೆ, ಹರಳೆಣ್ಣೆ ಇವು ಯಾವುವೂ ಒಣಗುವುದಿಲ್ಲ, ಜಿಡ್ಡಾಗಿ ಕುಳಿತು ಬೀದಿಯ ಧೂಳನ್ನೆಲ್ಲ ಹಿಡಿಯುತ್ತವೆ. ಬಣ್ಣವಿಲ್ಲದ ಬರಿಯ ಮರ ತೀರಾ ಒಣಗಿ ಬಿಳಿಚಿಕೊಂಡಿದ್ದರೆ ಅಗಸೆ ಎಣ್ಣೆ ನಾಲ್ಕು ಹನಿ ತಿಕ್ಕಬಹುದು, ಏಕೆಂದರೆ ಅದು ಗಾಳಿಗೆ ಗಟ್ಟಿಯಾಗುತ್ತದೆ. ಆದರೆ ತಿಕ್ಕಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಕೂಡಿಕೊಂಡು ತಾನಾಗಿಯೇ ಬೆಂಕಿ ಹತ್ತಬಹುದು. ನೀರಿನಲ್ಲಿ ನೆನೆಸಿಡಿ, ಇಲ್ಲವೇ ಬಯಲಿನಲ್ಲಿ ಹರಡಿ ಒಣಗಿಸಿ.

ಹುಳು ಹೋಗಲೆಂದು ಏಪ್ರಿಲ್ ಬಿಸಿಲಿಗೆ ಇಡುವವರೂ ಇದ್ದಾರೆ. ಹುಳು ಹೋಗುವ ಮೊದಲೇ ಹಲಗೆ ಸೀಳುತ್ತದೆ. ಸಣ್ಣ ತೂತುಗಳು ಕಂಡ ಮಾತ್ರಕ್ಕೆ ಕುಟ್ಟೆ ಹುಳು ಈಗಲೂ ಇದೆ ಎಂದೇನಲ್ಲ. ಕೆಳಗೆ ಕಪ್ಪು ಕಾಗದ ಹಾಸಿ ಒಂದೆರಡು ವಾರ ಅಲುಗಾಡಿಸದೆ ಬಿಡಿ. ಗೋಧಿಹಿಟ್ಟಿನಂಥ ಹೊಸ ಪುಡಿ ಬಿದ್ದಿದ್ದರೆ ಹುಳು ಒಳಗಿದೆ. ಪಾವು, ಸೇರು, ಕುಂಕುಮದ ಭರಣಿಯಂಥ ಬಣ್ಣವಿಲ್ಲದ ಸಣ್ಣ ಸಾಮಾನನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಒಂದು ಇಡೀ ದಿನ ಚೀಲ ಬಿಚ್ಚಬೇಡಿ, ಇಲ್ಲವಾದರೆ ಮರದ ಮೇಲೆ ನೀರು ಕೂರುತ್ತದೆ. ನನ್ನ ಫ್ರೀಜರಿನಲ್ಲಿ ಬಟಾಣಿಯ ಪಕ್ಕ ಅಚ್ಚೇರು (ಅರ್ಧ ಸೇರಿನ ಅಳತೆ) ಮಲಗಿದ್ದನ್ನು ನೋಡಿ ಮೊಮ್ಮಗ ಇಂದಿಗೂ ನಗುತ್ತಾನೆ. ಹಳೆಯ ತೂತುಗಳಿಗೆ ಜೇನುಮೇಣ ತುಂಬಿಬಿಡಿ. ಮುಂದೆ ಹೊಸ ತೂತು ಬಿದ್ದರೆ ಒಡನೆ ತಿಳಿಯುತ್ತದೆ. ನಾಲೆ ಬಯಲಿನ ಮನೆಗಳಲ್ಲಿ ಗೆದ್ದಲಿನ ಕಾಟ ಬೇರೆ. ಪೆಟ್ಟಿಗೆಯ ಕಾಲಿಗೆ ಕಲ್ಲಿನ ಚೂರು ಕೊಟ್ಟು, ಗೋಡೆಯಿಂದ ನಾಲ್ಕು ಬೆರಳು ದೂರ ಇಡಿ.

ಬಣ್ಣದ ಹಳೆಯ ತೊಟ್ಟಿಲನ್ನು ತಂದು ಅದರಲ್ಲೇ ಮಗುವನ್ನು ಮಲಗಿಸುವ ಹಂಬಲ ಈಗ ಹೆಚ್ಚಿದೆ. ಹಳೆಯ ಅಂಗಡಿ ಬಣ್ಣಗಳಲ್ಲಿ ಸೀಸ ಇರುತ್ತಿತ್ತು, ಮಕ್ಕಳು ಅಂಚು ಕಚ್ಚುತ್ತವೆ. ಗೊಂಬೆ ಹಬ್ಬಕ್ಕೆ ಅದರಲ್ಲಿ ಕೃಷ್ಣನನ್ನು ಮಲಗಿಸಿ, ಮಗುವಿಗೆ ಬಟ್ಟೆಯ ಜೋಲಿ ಕಟ್ಟಿ.

ಕೊಳ್ಳುವಾಗ ಮೇಲುಭಾಗ ನೋಡಿ ಮರುಳಾಗದೆ ಮಗುಚಿ ಹೊಟ್ಟೆ ನೋಡಿ. ಗೊಬ್ಬರದ ಗುಂಡಿಯಲ್ಲಿ ಹೂತು, ಬೂಟ್ ಪಾಲಿಶ್ ಬಳಿದು ನೂರು ವರ್ಷದ ವಯಸ್ಸು ಕೊಡುವ ಜಾಣರಿದ್ದಾರೆ. ಸವೆತ ಎಲ್ಲೆಡೆ ಒಂದೇ ಸಮ ಇದ್ದರೆ ಅನುಮಾನಪಡಿ. ಊಟದ ಮಣೆ ಸವೆಯುವುದು ಕೂರುವ ಕಡೆ, ಪೆಟ್ಟಿಗೆ ಸವೆಯುವುದು ಬೀಗದ ಸುತ್ತ. ಕೈಗರಗಸದ ಗೆರೆ ನೇರ, ಯಂತ್ರದ ಚಕ್ರಗರಗಸದ್ದು ಕಮಾನಿನಂತೆ ಬಾಗಿರುತ್ತದೆ. ದುಂಡಗೆ ಕಡೆದು ಮಾಡಿದ ಭರಣಿಯ ಬಾಯಿಗೆ ದಾರ ಹಿಡಿದು ಎರಡು ದಿಕ್ಕಿನಲ್ಲಿ ಅಳೆಯಿರಿ. ಮರ ಎಳೆಗೆ ಅಡ್ಡವಾಗಿ ಹೆಚ್ಚು ಕುಗ್ಗುವುದರಿಂದ ನಿಜವಾಗಿ ಹಳೆಯದು ಕೂದಲೆಳೆಯಷ್ಟಾದರೂ ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಕೊಳ್ಳುವ ಮುನ್ನ ಕಣ್ಣು ಪಳಗಬೇಕೆಂದರೆ ಮೈಸೂರಿನ ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸದ ಜಾನಪದ ವಸ್ತುಸಂಗ್ರಹಾಲಯಕ್ಕೆ, ತೆರೆದಿದೆಯೇ ಎಂದು ವಿಚಾರಿಸಿಕೊಂಡು, ಎರಡು ಸಲ ಹೋಗಿಬನ್ನಿ. ಬೆಂಗಳೂರಿಗೆ ಹೋಗುವ ದಾರಿಯಲ್ಲಿ ರಾಮನಗರದ ಜಾನಪದ ಲೋಕದಲ್ಲೂ ಇಳಿಯಿರಿ. ಅದನ್ನು ಕಟ್ಟಿದ ಎಚ್.ಎಲ್. ನಾಗೇಗೌಡರು ನಮ್ಮ ನಾಗಮಂಗಲ ತಾಲ್ಲೂಕಿನವರೇ.

ಒಂದು ಸಾಮಾನಿಗೆ ಮಾತ್ರ ಕೈ ಹಾಕಬೇಡಿ, ಸೋಮನ ಕುಣಿತದ ಮುಖವಾಡಕ್ಕೆ. ಗೋಡೆಗೆ ಚೆಂದ ಕಾಣುತ್ತದೆ, ನಿಜ. ಆದರೆ ಅದು ಗ್ರಾಮದೇವತೆಯ ಗುಡಿಯದು, ಇಡೀ ಊರಿನದು. ಯಾರೋ ಒಬ್ಬ ಚೀಲದಲ್ಲಿ ತಂದು ಮಾರುತ್ತಿದ್ದಾನೆಂದರೆ ಊರಿಗೆ ತಿಳಿಯದೆ ಬಂದಿರಬೇಕು. ವಿದೇಶದಲ್ಲಿರುವ ಮಕ್ಕಳಿಗೆ ಕಳಿಸುವವರು 1972ರ ಪುರಾತನ ವಸ್ತುಗಳ ಕಾಯ್ದೆಯನ್ನೂ ನೆನಪಿಡಿ. ನೂರು ವರ್ಷ ದಾಟಿದ ಕೆತ್ತನೆಯ ಸಾಮಾನನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ.

ಇನ್ನು ನಾನು ತಪ್ಪದೆ ಮಾಡಿಸುವ ಕೆಲಸವೊಂದಿದೆ. ಯಾವ ಊರು, ಯಾರ ಮನೆ, ಅವರು ಇದನ್ನು ಏನೆಂದು ಕರೆಯುತ್ತಿದ್ದರು ಎಂದು ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಸಾಮಾನಿನ ಜೊತೆಗಿಡಿಸುತ್ತೇನೆ. ಅಂಟಿಸುವುದು ಬೇಡ, ದಾರದಲ್ಲಿ ಕಟ್ಟಿದರಾಯಿತು. ತಂಗಿಯ ಮಗಳು ಗೊಣಗುತ್ತಲೇ ಮಣೆ ಕೊಟ್ಟ ಮನೆಗೆ ಫೋನ್ ಮಾಡಿದಳು. ಗುಳಿಯ ಅಂಚು ಸುಟ್ಟಿರುವುದೇಕೆ ಎಂದೂ ಕೇಳಿದಳು. ಶಿವರಾತ್ರಿಯ ಜಾಗರಣೆಗೆ ಹೆಂಗಸರೆಲ್ಲ ಹುಣಸೆಬೀಜ ಹಿಡಿದು ಆಡಲು ಕೂತಿದ್ದರಂತೆ. ಸೋತ ಅಜ್ಜಿಯೊಬ್ಬರು ಸಿಟ್ಟಿನಲ್ಲಿ ಎದ್ದಾಗ ಸೆರಗು ತಗುಲಿ ಬುಡ್ಡಿದೀಪ ಉರುಳಿತಂತೆ. ಅವಳು ಅದನ್ನೂ ಚೀಟಿಯಲ್ಲಿ ಬರೆದುಕೊಂಡಳು.