ಬಟನ್ ಸೆಟ್‌ನಿಂದ ಬಟನ್ ಸೆಟ್‌ಗೇ: ಬಂದರಿನ ಅಂಗಡಿಯ ಅನುಭವ

"ಈ ಸೆಟ್‌ಗೆ ಇನ್ನು ರೇಂಜ್ ಬರುವುದಿಲ್ಲವಂತೆ, ಹೌದಾ ಅಣ್ಣ?" ಮಂಗಳೂರು ಬಂದರಿನ ನನ್ನ ರಿಪೇರಿ ಅಂಗಡಿಯಲ್ಲಿ ಈಗ ಜಾಸ್ತಿ ಕೇಳುವ ಪ್ರಶ್ನೆ ಇದೇ. ಕೇಳುವವರು ಮೀನು ಇಳಿಸುವ ಧಕ್ಕೆಯಲ್ಲಿ ಬುಟ್ಟಿ ಹೊರುವವರು, ಬೀಡಿ ಕಟ್ಟುವ ಅಕ್ಕಂದಿರು, ಬೋಟು ನಡೆಸುವ ತಾಂಡೇಲರು, ಮಕ್ಕಳು ಮಸ್ಕತ್, ದುಬೈಯಲ್ಲಿರುವ ಅಜ್ಜ ಅಜ್ಜಿಯರು. ಅವರ ಹಳೆ ಬಟನ್ ಸೆಟ್‌ಗಳು ನಡೆಯುವುದು 2ಜಿ ಅನ್ನುವ ಹಳೆ ನೆಟ್‌ವರ್ಕ್ ಮೇಲೆ. ಇವತ್ತಿಗೆ ರೇಂಜ್ ಉಂಟು, ಆದರೆ ಅದು ನಿಲ್ಲುವವರೆಗೆ ಕಾಯಬೇಡಿ ಅಂತ ನಾನು ಹೇಳುತ್ತೇನೆ.

ಬೇರೆ ದೇಶಗಳಲ್ಲಿ ಇದು ಆಗಿ ಹೋದ ಕಥೆ. ಆಸ್ಟ್ರೇಲಿಯಾದ ಫೋನ್ ಕಂಪನಿ ಟೆಲ್‌ಸ್ಟ್ರಾ 2016ರ ಡಿಸೆಂಬರ್‌ನಲ್ಲೇ 2ಜಿ ನಿಲ್ಲಿಸಿತು. ಸಿಂಗಾಪುರದಲ್ಲಿ 2017ರಲ್ಲಿ ನಿಂತಿತು. ನಮ್ಮಲ್ಲಿ ಮಾತ್ರ ಕಿರಿಯ ಮೊದಲು ಹೊರಟ. 3ಜಿಯನ್ನು ಏರ್‌ಟೆಲ್ 2020ರ ಹೊತ್ತಿಗೆ ಹೆಚ್ಚುಕಡಿಮೆ ಮುಚ್ಚಿತು, 2ಜಿ ಉಳಿಯಿತು. ಬಟನ್ ಸೆಟ್ ಹಿಡಿದವರು ಇಲ್ಲಿ ಕೋಟಿಗಟ್ಟಲೆ ಇದ್ದಾರಲ್ಲ, ಅದಕ್ಕೆ. 2016ರಲ್ಲಿ ಶುರುವಾದ ಜಿಯೋದಲ್ಲಿ 2ಜಿ ಅನ್ನುವುದು ಇಲ್ಲವೇ ಇಲ್ಲ. ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ 2025ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಅಷ್ಟೇ ತರಂಗಾಂತರದಲ್ಲಿ 4ಜಿ ಎಷ್ಟೋ ಪಟ್ಟು ಹೆಚ್ಚು ಕೆಲಸ ಮಾಡುವಾಗ, ಹಳೆಯದಕ್ಕೂ ಕರೆಂಟು, ಜಾಗ, ಜನ ಇಟ್ಟು ನಡೆಸಲು ಯಾವ ಕಂಪನಿಗೂ ಮನಸ್ಸಿರುವುದಿಲ್ಲ.

ನನಗೆ ಹಳೆ ಸೆಟ್‌ಗಳ ಮೇಲೆ ಪ್ರೀತಿ ಉಂಟು. ಕೆಲಸ ಕಲಿತದ್ದೇ ಅವುಗಳ ಮೇಲೆ. ನೋಕಿಯಾ 1100 ಬಂದದ್ದು 2003ರಲ್ಲಿ. ಜಗತ್ತಿನಾದ್ಯಂತ 25 ಕೋಟಿಗೂ ಜಾಸ್ತಿ ಮಾರಾಟವಾಯಿತು. ತಲೆಯಲ್ಲಿ ಟಾರ್ಚ್, ಧೂಳು ಹೋಗದ ಹಾಗೆ ಒಂದೇ ರಬ್ಬರ್ ಹಾಳೆಯ ಕೀಪ್ಯಾಡ್, ಒದ್ದೆ ಕೈಯಿಂದ ಜಾರದ ಅಂಚು. ನಮ್ಮ ಜೂನ್ ತಿಂಗಳ ಮಳೆಗೆ, ಕರೆಂಟ್ ಹೋದ ರಾತ್ರಿಗೆ ಹೇಳಿ ಮಾಡಿಸಿದ ಹಾಗಿತ್ತು. ಅದರ ಬಿಎಲ್-5ಸಿ ಬ್ಯಾಟರಿ ಎಷ್ಟು ಗಟ್ಟಿಯಾಗಿ ಊರಿತೆಂದರೆ, ಜಾತ್ರೆಯಲ್ಲಿ ಸಿಗುವ ಸಣ್ಣ ರೇಡಿಯೋಗಳಿಗೆ ಇವತ್ತಿಗೂ ಅದೇ ಅಳತೆಯ ಬ್ಯಾಟರಿ ಹಾಕುತ್ತಾರೆ.

ಇಂಥ ಸೆಟ್ ಕಡಲ ಗಾಳಿಗೆ ಸಿಕ್ಕಿ ಬಂದರೆ ಮಾಡುವ ಕೆಲಸ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಹಿಂದಿನ ಮುಚ್ಚಳ ತೆಗೆದು ನಕ್ಷತ್ರದ ತಲೆಯ ಟಿ-6 ಸ್ಕ್ರೂ ಬಿಚ್ಚಿದರೆ ಕೀಪ್ಯಾಡ್ ರಬ್ಬರ್ ಎದ್ದು ಬರುತ್ತದೆ. ಅದರ ಕೆಳಗೆ ಪುಟ್ಟ ಲೋಹದ ಉಬ್ಬುಗಳಿರುವ ತೆಳು ಹಾಳೆ. ಒತ್ತಿದಾಗ ಟಕ್ ಅನ್ನುವುದು ಅದೇ. ಹಾಳೆ ಎತ್ತಿದರೆ ಬೋರ್ಡಿನ ಮೇಲೆ ಚಿನ್ನದ ಬಣ್ಣದ ಉಂಗುರಗಳು. ಉಪ್ಪಿನ ತೇವ ಹೊಕ್ಕಿದ್ದರೆ ಅಲ್ಲಿ ಹಸಿರು ಕಿಲುಬು ಕಟ್ಟಿರುತ್ತದೆ. ಹಳೆ ಬ್ರಷ್‌ಗೆ ಐಪಿಎ, ಅಂದರೆ ಬೋರ್ಡ್ ತೊಳೆಯುವ ಸ್ಪಿರಿಟ್, ಹಾಕಿ ಮೆಲ್ಲ ಉಜ್ಜಬೇಕು. ಬ್ಲೇಡಿನಲ್ಲಿ ಕೆರೆದರೆ ಚಿನ್ನದ ಲೇಪ ಹೋಗಿ ಮತ್ತೆ ಬೇಗ ಕಿಲುಬು ಹಿಡಿಯುತ್ತದೆ. ಒಣಗಿಸಿ ಕೂಡಿಸಿದರೆ ಸೆಟ್ ಮತ್ತೆ ಮಾತಾಡುತ್ತದೆ. ಅಂಟು ಹಾಕಿ ಮುಚ್ಚಿದ ಟಚ್ ಫೋನ್‌ಗಳನ್ನು ಬಿಸಿ ಮಾಡಿ ಬಿಚ್ಚುವಾಗ ಈ ಸುಖ ನನಗೆ ಯಾವತ್ತೂ ಸಿಕ್ಕಿಲ್ಲ.

ಆದರೆ ಟವರೇ ಇಲ್ಲದಿದ್ದರೆ ಎಷ್ಟು ಉಜ್ಜಿದರೂ ಏನು ಪ್ರಯೋಜನ? ಹಾಗಾಗಿ ಜನರನ್ನು ಹಳೆ ಸೆಟ್‌ನಿಂದ 4ಜಿ ಬಟನ್ ಸೆಟ್‌ಗೆ ದಾಟಿಸುವ ಕೆಲಸವನ್ನೂ ಮೈಮೇಲೆ ಹಾಕಿಕೊಂಡೆ. ಟಚ್ ಫೋನ್‌ಗೆ ಅಲ್ಲ, ಬಟನ್‌ಗೇ. ಮಕ್ಕಳು ಊರಿಗೆ ಬಂದಾಗ ಪ್ರೀತಿಯಿಂದ ದೊಡ್ಡ ಟಚ್ ಫೋನ್ ತಂದುಕೊಡುತ್ತಾರೆ. ಅವರು ವಿಮಾನ ಹತ್ತಿದ ಮೇಲೆ ಅಮ್ಮನಿಗೆ ಬಂದ ಕರೆ ಎತ್ತಲು ಪಕ್ಕದ ಮನೆಯ ಹುಡುಗ ಬೇಕು. ಸಾದಾ ಸೆಟ್‌ನ ದೊಡ್ಡ ಗುಣ ಅಂದರೆ ಅದನ್ನು ಯಾರ ಸಹಾಯವೂ ಇಲ್ಲದೆ ಬಳಸಬಹುದಿತ್ತು. ಸೆಟ್ ಬದಲಾದರೂ ಅದು ಹೋಗಬಾರದು. ನನ್ನ ಹಟ ಅಷ್ಟೇ.

ಸೆಟ್ ಆರಿಸುವಾಗ ಡಬ್ಬದ ಮೇಲೆ 4ಜಿ ಅಂತ ಇದ್ದರೆ ಸಾಲದು, ವಿಓಎಲ್‌ಟಿಇ, ಅಂದರೆ ಮಾತನ್ನೂ 4ಜಿಯಲ್ಲೇ ಕಳಿಸುವ ವ್ಯವಸ್ಥೆ, ಇರಲೇಬೇಕು. ಇಲ್ಲದಿದ್ದರೆ ಮಾತಾಡಲು ಅದು ಮತ್ತೆ ಹಳೆ ನೆಟ್‌ವರ್ಕ್‌ಗೇ ಇಳಿಯುತ್ತದೆ. ನೋಡುವುದು ಸುಲಭ. ಕರೆ ಮಾಡಿ, ಮಾತು ನಡೆಯುತ್ತಿರುವಾಗಲೇ ಪರದೆಯ ಮೇಲ್ಗಡೆ ನೋಡಿ. 4ಜಿ ಗುರುತು ಹಾಗೇ ಇದ್ದರೆ ಸರಿ. 2ಜಿ ಅಥವಾ ಇಂಗ್ಲಿಷಿನ ಇ ಬಂದರೆ ಆ ಸೆಟ್ ಬೇಡ. ಇನ್ನೊಂದು, 2023ರಲ್ಲಿ 999 ರೂಪಾಯಿಗೆ ಬಂದ ಜಿಯೋಭಾರತ್‌ನಂಥವು ಜಿಯೋ ಸಿಮ್‌ಗೆ ಮಾತ್ರ. ಬೇರೆ ಕಂಪನಿಯ ನಂಬರ್ ಇರುವವರು ಮೊದಲೇ ಕೇಳಿಕೊಳ್ಳಬೇಕು.

ಆಮೇಲೆ ನಾನು ಕಣ್ಣು ಮುಚ್ಚಿ ಹೆಬ್ಬೆರಳಿನಿಂದ 5ರ ಗುಂಡಿ ಹುಡುಕುತ್ತೇನೆ. ಅದರ ಮೇಲೆ ಸಣ್ಣ ಉಬ್ಬು ಇರುತ್ತದೆ. ಅಜ್ಜಿಯರು ಕತ್ತಲಲ್ಲಿ ನಂಬರ್ ಒತ್ತುವುದು ಆ ಉಬ್ಬು ಹಿಡಿದೇ. ಕೆಲವು ಅಗ್ಗದ ಸೆಟ್‌ಗಳಲ್ಲಿ ಅದು ಬೆರಳಿಗೆ ಸಿಗುವುದೇ ಇಲ್ಲ. ಅಂಥದನ್ನು ನಾನು ವಾಪಸ್ ಕೊಡುತ್ತೇನೆ.

ಸಿಮ್‌ನ ವಿಷಯದಲ್ಲಿ ಅವಸರ ಬೇಡವೇ ಬೇಡ. ಹಳೆ 2ಜಿ ಸಿಮ್ 4ಜಿಯಲ್ಲಿ ನಡೆಯುವುದಿಲ್ಲ, ಅದೇ ನಂಬರಿಗೆ ಹೊಸ ಸಿಮ್ ತರಬೇಕು. ಹೊಸದು ಖಾಲಿ ಬರುತ್ತದೆ. ಹೆಸರುಗಳೆಲ್ಲ ಹಳೆಯದರಲ್ಲೇ. ಇಲ್ಲಿ ಎಷ್ಟೋ ಜನ ಎದೆ ಒಡೆದುಕೊಳ್ಳುತ್ತಾರೆ. ಆದರೆ ಸಿಗ್ನಲ್ ಸತ್ತರೂ ಹಳೆ ಸಿಮ್‌ನೊಳಗಿನ ಹೆಸರು ಸಾಯುವುದಿಲ್ಲ, ಅದನ್ನು ಎಸೆಯದಿದ್ದರೆ ಆಯಿತು. ಹೆಸರುಗಳು ಸಿಮ್‌ನಲ್ಲಿವೆಯಾ, ಸೆಟ್‌ನಲ್ಲಿವೆಯಾ ಅಂತ ಮೊದಲು ನೋಡುತ್ತೇನೆ. ಸೆಟ್‌ನಲ್ಲಿದ್ದರೆ ಸಿಮ್‌ಗೆ ಕಾಪಿ ಮಾಡಿ, ಆ ಸಿಮ್ಮನ್ನು ಹೊಸ ಸೆಟ್‌ಗೆ ಹಾಕಿ, ಅಲ್ಲಿಂದ ಸೆಟ್‌ನ ಮೆಮೊರಿಗೆ ಇಳಿಸಿಕೊಳ್ಳುತ್ತೇನೆ. ಆಮೇಲೆ ಹೊಸ ಸಿಮ್. ಸಿಮ್‌ನಲ್ಲಿ ಉದ್ದ ಹೆಸರು ಹಿಡಿಯುವುದಿಲ್ಲ. "ದೊಡ್ಡ ಮಗ ಮಸ್ಕತ್ ಮನೆ", "ದೊಡ್ಡ ಮಗ ಮಸ್ಕತ್ ಆಫೀಸ್" ಎರಡೂ ತುದಿ ಕತ್ತರಿಸಿಕೊಂಡು ಒಂದೇ ಆಗಿ ಕೂರುತ್ತವೆ. ಅಂಥದನ್ನು ಅವರ ಎದುರೇ ಕೇಳಿ ಸರಿ ಮಾಡುತ್ತೇನೆ.

ಸಿಮ್ ಬದಲಿಸಿದ ಮೇಲೆ 24 ಗಂಟೆ ಎಸ್‌ಎಂಎಸ್ ಬರುವುದಿಲ್ಲ, ಹೋಗುವುದಿಲ್ಲ. ಮೋಸಗಾರರು ಬೇರೆಯವರ ನಂಬರಿಗೆ ಸಿಮ್ ತೆಗೆದು ಬ್ಯಾಂಕ್ ಒಟಿಪಿ ಕದಿಯಬಾರದೆಂದು ಮಾಡಿದ ನಿಯಮ. ಒಳ್ಳೆಯದೇ. ಆದರೆ ಮರುದಿನ ಬ್ಯಾಂಕ್ ಕೆಲಸ ಇರುವವರಿಗೆ ಅವತ್ತು ಸಿಮ್ ಬದಲಿಸಲು ನಾನು ಬಿಡುವುದಿಲ್ಲ.

ಕೊನೆಯ ಕೆಲಸಕ್ಕೆ ಸಮಯ ಹಿಡಿಯುತ್ತದೆ, ಅದನ್ನೇ ನಾನು ಹೆಚ್ಚು ಶ್ರದ್ಧೆಯಿಂದ ಮಾಡುವುದು. ಹಳೆ ಸೆಟ್‌ನಲ್ಲಿ 2 ಒತ್ತಿ ಹಿಡಿದರೆ ಯಾರಿಗೆ ಹೋಗುತ್ತಿತ್ತು, 3ಕ್ಕೆ ಯಾರು? ಹೊಸದರಲ್ಲೂ ಅದೇ ಗುಂಡಿಗೆ ಅದೇ ಜನ. ಓದಲು ಬಾರದವರಿಗೆ ಮುಖ್ಯ ಹೆಸರುಗಳ ಮುಂದೆ 1, 2, 3 ಅಂತ ಅಂಕಿ ಸೇರಿಸುತ್ತೇನೆ, ಅವು ಪಟ್ಟಿಯ ಮೇಲೇ ನಿಲ್ಲುತ್ತವೆ. ರಿಂಗ್ ಟೋನ್ ಹಳೆಯದರ ಹತ್ತಿರ ಇರುವಂಥದ್ದು. ಟಾರ್ಚ್‌ಗೆ ಯಾವ ಗುಂಡಿ ಅಂತ ಅವರ ಬೆರಳು ಹಿಡಿದು ತೋರಿಸುತ್ತೇನೆ. ಮೊನ್ನೆ ಬೋಳಾರದಿಂದ ಬಂದ ಒಬ್ಬರು ವಯಸ್ಸಾದ ಹೆಂಗಸು, ನಾವು ಗೌರವದಿಂದ ಬಾಯಿ ಅಂತ ಕರೆಯುವವರು, ಹೊಸ ಸೆಟ್ ನೋಡಿ ಮುಖ ಸಣ್ಣ ಮಾಡಿದ್ದರು. "2 ಒತ್ತಿ ಹಿಡಿಯಿರಿ ಬಾಯಿ" ಅಂದೆ. ಒತ್ತಿದರು. ಅತ್ತ ಮಗಳು ಎತ್ತಿದಳು. ಬೆಂಚಿನ ಮೇಲೆ ಕೂತು ಕೊಂಕಣಿಯಲ್ಲಿ ಮಾತು ಶುರು ಮಾಡಿದವರು ಮೀನಿನ ರೇಟಿನವರೆಗೂ ಹೋದರು. ನನಗೆ ಅವತ್ತಿನ ಸಂಬಳ ಸಿಕ್ಕಿದ ಹಾಗಾಯಿತು.

ಒಂದು ನಷ್ಟ ಮಾತ್ರ ತುಂಬಿಕೊಡಲು ಆಗುವುದಿಲ್ಲ, ಚಾರ್ಜ್. ವಾರಕ್ಕೊಮ್ಮೆ ಚಾರ್ಜಿಗಿಟ್ಟು ರೂಢಿಯಾದವರಿಗೆ 4ಜಿ ಸೆಟ್ ಎರಡು ಮೂರು ದಿನಕ್ಕೇ ಕೇಳುತ್ತದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹಳೆ ಸೆಟ್ಟನ್ನು ಅವರ ಕೈಗೇ ವಾಪಸ್ ಕೊಡುತ್ತೇನೆ. ಅಲಾರಾಂ, ಟಾರ್ಚ್, ಲೆಕ್ಕದ ಕೆಲಸಕ್ಕೆ ಟವರ್ ಬೇಕಿಲ್ಲ ಅಲ್ವಾ?

ಬೋಟಿನವರಿಗೆ ಒಂದು ಮಾತು. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ರಜೆ, ನೀವು ದಡದಲ್ಲೇ ಇರುತ್ತೀರಿ. ಸೆಟ್ ಬದಲಿಸುವುದಿದ್ದರೆ ಆಗ ಬನ್ನಿ. ಹಳೆ ಸೆಟ್ ಫುಲ್ ಚಾರ್ಜ್ ಮಾಡಿ ತನ್ನಿ. ಸಿಮ್ ಯಾರ ಹೆಸರಿನಲ್ಲಿದೆಯೋ ಅವರೇ ಆಧಾರ್ ಕಾರ್ಡ್ ಹಿಡಿದು ಸಿಮ್ ಕಂಪನಿಯ ಅಂಗಡಿಗೆ ಮೊದಲು ಹೋಗಿ ಬರಲಿ. ಹೊಸ ಸಿಮ್ ಟ್ರಿಪಲ್ ಕಟ್ ಇರುತ್ತದೆ, ಅಂದರೆ ಒಂದರಲ್ಲೇ ಮೂರು ಅಳತೆ. ಅದನ್ನು ಸಣ್ಣದಾಗಿ ಮುರಿಯದೆ ಹಾಗೇ ತನ್ನಿ, ಯಾವ ಅಳತೆ ಬೇಕು ಅನ್ನುವುದನ್ನು ಸೆಟ್ ನೋಡಿಯೇ ಹೇಳಬೇಕು.