ಬೇಕಲದ ದಾರಿಗೆ ನಿರ್ನಾಲವೇ ಸರಿ

ಬೆಂಗಳೂರಿನ ಭಾವ ವರ್ಷಕ್ಕೊಮ್ಮೆ ಫೋನ್ ಮಾಡಿ ಕೇಳುತ್ತಾರೆ: "ಕಡಲ ಬದಿಯಲ್ಲೇ ಕಾರು ಓಡಿಸಿಕೊಂಡು ಬೇಕಲ ಕೋಟೆಗೆ ಹೋಗಬೇಕು, ಯಾವಾಗ ಬರಲಿ?" ಕಾಸರಗೋಡು ಜಿಲ್ಲೆಯ ಕುಂಬಳೆಯವನಾದ ನಾನು ಕಣ್ಣುಮುಚ್ಚಿ ಡಿಸೆಂಬರ್ ಎನ್ನುತ್ತಿದ್ದೆ. ಈಗ ಹಾಗೆ ಹೇಳುವುದಿಲ್ಲ.

ಡಿಸೆಂಬರಿನಲ್ಲಿ ಮಳೆಯ ಭಯವಿಲ್ಲ, ನಿಜ. ಆದರೆ ಕುಂಬಳೆ ಬಳಿಯ ಅನಂತಪುರದ ಪದವಿನಲ್ಲಿ, ಅಂದರೆ ಗುಡ್ಡದ ಮೇಲಿನ ಬಯಲಿನಲ್ಲಿ, ಹುಲ್ಲು ಒಣಗಿ ಕೆಂಪು ಮುರಕಲ್ಲು ಎದ್ದು ಕಾಣುತ್ತದೆ. ಕೋಟೆಯ ಬಾಗಿಲಲ್ಲಿ ಶಾಲಾ ಪ್ರವಾಸದ ಬಸ್ಸುಗಳ ಸಾಲು. ಹಾಗೆಂದು ಒಮ್ಮೆ ಹಠ ಹಿಡಿದು ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟಿನ ಮಳೆಯಲ್ಲಿ, ಹೊರಟೆ. ಚಂದ್ರಗಿರಿ ಸೇತುವೆಯ ಮೇಲೆ ನಿಂತಾಗ ಕೆಳಗೆ ಕೆನ್ನೀರು ಕಂಡಿತು, ಅಷ್ಟೇ. ಪಕ್ಕದಲ್ಲೇ ಇದ್ದ ಕಡಲು ಮಳೆಯೊಳಗೆ ಮಾಯ. ಜುಲೈ 31ರವರೆಗೆ ಟ್ರಾಲಿಂಗ್ ದೋಣಿಗಳ ಮೀನುಗಾರಿಕೆಗೆ ನಿಷೇಧವಾದ್ದರಿಂದ ಊಟದ ತಟ್ಟೆಯಲ್ಲೂ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ.

ಕೊನೆಗೆ ಕೈಹಿಡಿದದ್ದು ತುಳು ತಿಂಗಳಾದ ನಿರ್ನಾಲ, ಅಂದರೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನ ತನಕ. ಓಣಂ ರಜೆಯ ಗದ್ದಲ ಮುಗಿದಿರುತ್ತದೆ. ಮಳೆ ಬಂದರೂ ಸುರಿದು ಹೋಗುತ್ತದೆ, ಠಿಕಾಣಿ ಹೂಡುವುದಿಲ್ಲ. ತೊಳೆದಿಟ್ಟಂಥ ಗಾಳಿ, ಹೊಳೆಗಳು ತುಂಬಿರುತ್ತವೆ, ಪದವು ಇನ್ನೂ ಹಸಿರಾಗಿಯೇ ಇರುತ್ತದೆ. ಅಕ್ಟೋಬರ್ ನಡುವಿನಲ್ಲಿ ತುಲಾಮಾಸ ಹಿಡಿಯಿತೆಂದರೆ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ಶುರು. ಆಗ ಹೋಗುವುದಾದರೆ ಮೂರು ಗಂಟೆಯೊಳಗೆ ಮನೆ ಸೇರುವ ಲೆಕ್ಕದಲ್ಲಿ ಹೊರಡುತ್ತೇನೆ.

ತಿಂಗಳಷ್ಟೇ ಮುಖ್ಯವಾದದ್ದು ದಾರಿ. ತಲಪಾಡಿಯಿಂದ ಬರುವ ಹೆದ್ದಾರಿ 66 ಕಾಸರಗೋಡು ದಾಟಿದ ಮೇಲೆ ಚೆರ್ಕಳದ ಕಡೆಗೆ, ಒಳನಾಡಿಗೆ ತಿರುಗುತ್ತದೆ. ಅದನ್ನೇ ಹಿಡಿದು ಹೋದವರು ಕಡಲೆಲ್ಲಿ ಎಂದು ಕೇಳುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಕಾಸರಗೋಡಿನಲ್ಲೇ ಹೆದ್ದಾರಿ ಬಿಟ್ಟು ಚಂದ್ರಗಿರಿ ಸೇತುವೆ ದಾಟಿ, ಮೇಲ್ಪರಂಬ, ಉದುಮ ಹಾದು ಹೋಗಬೇಕು. ನಾನು ಹೊರಡುವುದು ಬೆಳಗ್ಗೆ. ಬಿಸಿಲು ಎಡಗಡೆಯಿಂದ ಬಂದು ಬಲಗಡೆಯ ಕಡಲಿನ ಮೇಲೆ ಬೀಳುತ್ತದೆ, ನೀರಿಗೆ ಬಣ್ಣ ಬರುತ್ತದೆ. ಸಂಜೆಯಾದರೆ ಅದೇ ಬಿಸಿಲು ನೇರ ಕಣ್ಣಿಗೆ. ಶಿವಪ್ಪನಾಯಕನ ಕೋಟೆಯ ನಡುವಿನ ಗೋಪುರ ಹತ್ತಿ ಕಡಲು ನೋಡುವುದಕ್ಕೂ ಬೆಳಗೇ ವಾಸಿ. ಸೂರ್ಯಾಸ್ತವೇ ಬೇಕೆನ್ನುವವರ ಜೊತೆ ನಾನು ವಾದಕ್ಕೆ ಇಳಿಯುವುದಿಲ್ಲ.

ಈ ಸಲ ಭಾವ ಸೆಪ್ಟೆಂಬರ್ ಕೊನೆಯ ವಾರಕ್ಕೆ ರಜೆ ಹಾಕಿದ್ದಾರೆ. ಕೊಡೆಯೊಂದನ್ನು ಮರೆಯಬೇಡಿ ಎಂದಿದ್ದೇನೆ.